ಭಿಕ್ಷುವಿನ ಕಲ್ಲುಹಾಸಿಗೆ

ಹಳೆಯ ಬೌದ್ಧ ಗುಹೆಗಳಿರುವ ಉದ್ಯಾನದ ಗೇಟು ದಾಟುವ ಹೊತ್ತಿಗೇ ನನಗೆ ಸಾಕುಸಾಕಾಗಿತ್ತು. ಹಿಂದಿನ ರಾತ್ರಿ ಅಕ್ಕ ಕಣ್ಣು ಮುಚ್ಚಿರಲಿಲ್ಲ. ಅವಳ ಜೊತೆ ಒಂದೇ ಕೋಣೆಯಲ್ಲಿ ಮಲಗಿದ ತಪ್ಪಿಗೆ ನಾನೂ ಮುಚ್ಚಿರಲಿಲ್ಲ. ಕಣ್ಣಿಗೆ ಜೊಂಪು ಹತ್ತುವಷ್ಟರಲ್ಲಿ, "ಎದ್ದಿದ್ದೀಯೇನೇ?" ಎಂದು ಕೇಳಿ ಎಬ್ಬಿಸುವುದು ಅವಳ ಹೊಸ ಅಭ್ಯಾಸ.

ಭಾವ ತೀರಿಕೊಂಡಾಗಿನಿಂದ ಅವಳಿಗೆ ನಿದ್ದೆಯಿಲ್ಲ. ಮಾತ್ರೆ ನುಂಗಿದರೆ ರಾತ್ರಿ ಎಚ್ಚರ, ಹಗಲು ತೂಕಡಿಕೆ. ಹೋದ ತಿಂಗಳು ಹಾಗೆ ತೂಕಡಿಸಿಯೇ ಬಚ್ಚಲಲ್ಲಿ ಬಿದ್ದು ಹಣೆ ಒಡೆದುಕೊಂಡಿದ್ದಳು. ಹೀಗೇ ಬಿಟ್ಟರೆ ಮುಂದಿನ ಸಲ ಹಣೆಗೇ ನಿಲ್ಲುವುದಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಜಾಗ ಬದಲಾದರೆ ನಿದ್ದೆ ಬಂದೀತೇನೋ ಎಂದು ಹೊರಡಿಸಿದವಳು ನಾನೇ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ ಹಾಗಾಯಿತು.

ಕಾರು ಓಡಿಸಿಕೊಂಡು ಬಂದವನು ಅಕ್ಕನ ಮಗ. ಅವನದು ಹಾಸಿಗೆ ಅಂಗಡಿ. ಊರಿಗೆಲ್ಲ ನಿದ್ದೆ ಮಾರುವವನ ತಾಯಿಗೇ ನಿದ್ದೆಯಿಲ್ಲವೆಂದರೆ ಮರ್ಯಾದೆಯ ಪ್ರಶ್ನೆಯಲ್ಲವೇ? ಹತ್ತಿಯದು, ನಾರಿನದು, ಸ್ಪ್ರಿಂಗಿನದು, ಒಂದಕ್ಕಿಂತ ಒಂದು ಮೆತ್ತಗಿರುವುದನ್ನು ತಾನೇ ಹೊತ್ತು ತಂದು ಹಾಸಿದ್ದ. ಯಾವುದೂ ಆಗಿಬರಲಿಲ್ಲ.

ಒಳಗೆ ಅವನ ಕಾಟ ಬೇರೆ. ಕಂಡ ಬೋರ್ಡನ್ನೆಲ್ಲ ಗಟ್ಟಿಯಾಗಿ ಓದುತ್ತಿದ್ದ. ಇಟ್ಟಿಗೆಯ ಸ್ತೂಪದೊಳಗೆ ಯಾರೋ ಹಿರಿಯ ಭಿಕ್ಷುವಿನ ಅಸ್ಥಿ ಇಟ್ಟಿದ್ದ ಕಲ್ಲಿನ ಭರಣಿ ಸಿಕ್ಕಿತ್ತಂತೆ, ಓದಿದ. ಮುಂದಕ್ಕೆ ಚಾಚಿದ ಬಂಡೆಯಡಿ ಭಿಕ್ಷುಗಳಿಗಿಂತ ಎಷ್ಟೋ ಸಾವಿರ ವರ್ಷ ಮೊದಲಿನವರು ಕೆಮ್ಮಣ್ಣಿನಲ್ಲಿ ಒತ್ತಿದ ಅಂಗೈ ಗುರುತುಗಳಿದ್ದವು, ಅದನ್ನೂ ಓದಿದ.

"ನಮಗೂ ಓದೋಕೆ ಬರುತ್ತಪ್ಪಾ," ಎಂದೆ.

"ಕನ್ನಡಕ ಕಾರಲ್ಲೇ ಬಿಟ್ಟು ಬಂದಿದ್ದೀರಲ್ಲ ಚಿಕ್ಕಮ್ಮ, ಅದಕ್ಕೇ ಓದಿದ್ದು."

ನಿಜ. ಬಯ್ಯುವುದಕ್ಕೂ ಅನುಕೂಲವಿಲ್ಲ ಈ ಹುಡುಗನನ್ನು.

ಮೇಲಿನ ಗುಹೆಯಲ್ಲಿ ಭಿಕ್ಷುವೊಬ್ಬ ಮಲಗುತ್ತಿದ್ದ ಕಲ್ಲುಹಾಸಿಗೆ ಇತ್ತು. ಬಂಡೆಯಲ್ಲೇ ಕಡೆದ ಜಗಲಿ, ತಲೆಯ ಕಡೆ ಸ್ವಲ್ಪ ಎತ್ತರ. ನಮ್ಮವನು ಜೇಬಿನಿಂದ ಅಳತೆ ಟೇಪು ತೆಗೆದ.

"ಸಿಂಗಲ್ ಸೈಜು. ಇದರ ಮೇಲೆ ಮಲಗಿದ್ರೆ ಬೆನ್ನು ಬಿದ್ದುಹೋಗುತ್ತೆ. ಒಂದು ಗಿರಾಕಿ ತಪ್ಪಿಹೋಯ್ತು ನೋಡಿ."

ಆಮೇಲೆ ನೀರಿನ ಬಾಟಲಿ ಎಲ್ಲಿ ಬಿಟ್ಟೆವೆಂದು ನಾವಿಬ್ಬರೂ ಹೊರಗೆ ನಿಂತು ಜಗಳವಾಡಿದೆವು. ಅದು ನನ್ನ ಚೀಲದಲ್ಲೇ ಇತ್ತು. ಒಳಗೆ ಬಂದು ನೋಡಿದರೆ ಚಪ್ಪಲಿ ಜೋಡಿಸಿಟ್ಟು ಅಕ್ಕ ಕಲ್ಲಿನ ಮೇಲೆ ಮಲಗಿದ್ದಾಳೆ. ಗೊರಕೆ!

"ಅಮ್ಮಾ! ಮಲಗಬಾರದು ಅಂತ ಬೋರ್ಡ್—"

ಅವನ ಬಾಯಿಗೆ ಕೈ ಅಡ್ಡ ಹಿಡಿದೆ. ಅಷ್ಟರಲ್ಲಿ ಕಾವಲುಗಾರನೂ ಬಂದ.

"ತಿಂಗಳುಗಟ್ಟಲೆ ನಿದ್ದೆ ಕಂಡಿಲ್ಲ ಕಣಪ್ಪಾ ಇವಳು," ಎಂದೆ ಪಿಸುದನಿಯಲ್ಲಿ. "ಎಬ್ಬಿಸಬೇಡ."

ಅವನು ಬೋರ್ಡನ್ನು ನೋಡಿದ, ಅಕ್ಕನ ಹಣೆಯ ಗಾಯದ ಕಲೆ ನೋಡಿದ. "ನಾನಿನ್ನೂ ಈ ಕಡೆ ಬಂದೇ ಇಲ್ಲ," ಎಂದು ತಿರುಗಿ ಹೋದ. ಸ್ವಲ್ಪ ಹೊತ್ತಿಗೆ, ಕೆಳಗೆ ಶಾಲಾ ಮಕ್ಕಳ ಗುಂಪೊಂದನ್ನು ತಡೆಯುತ್ತಿದ್ದ ಅವನ ದನಿ ಕೇಳಿಸಿತು: "ಮಕ್ಕಳೇ, ಮೊದಲು ಕೈಗುರುತು ನೋಡ್ಕೊಂಡು ಬನ್ನಿ, ಮೇಲೆ ಆಮೇಲೆ!"

ಅಕ್ಕನ ಮಗನಿಗೆ ತಡೆಯಲಾಗಲಿಲ್ಲ. "ಎಂಥ ಅವಮಾನ ಚಿಕ್ಕಮ್ಮ! ಅಷ್ಟು ಹಾಸಿಗೆ ಹೊತ್ತು ತಂದೆ. ಇಲ್ಲಿ ಬಂಡೆ ಮೇಲೆ ಗೊರಕೆ ಹೊಡೀತಾಳಲ್ಲ!" ಗೊಣಗುತ್ತಲೇ ಗುಹೆಯ ಬಾಯಿಗೆ ಹೋಗಿ ನಿಂತ. ಕೋಪ ಮಾಡಿಕೊಂಡನೆಂದೇ ನಾನು ತಿಳಿದೆ. ನೋಡುತ್ತ ನೋಡುತ್ತ ಗೊತ್ತಾಯಿತು, ಬಿಸಿಲು ಸರಿದಂತೆಲ್ಲ ಅವನೂ ಸರಿಯುತ್ತಿದ್ದ. ಅವನ ನೆರಳು ಅಕ್ಕನ ಮುಖ ಬಿಟ್ಟು ಕದಲಲಿಲ್ಲ.

ಮುಚ್ಚುವ ಹೊತ್ತಿನ ಸೀಟಿಯನ್ನು ಕಾವಲುಗಾರ ದೂರದ ಗೇಟಿನ ಬಳಿ ಹೋಗಿ ಊದಿದ. ಆದರೂ ಅಕ್ಕ ಎದ್ದಳು.

"ಅಯ್ಯೋ, ಯಾಕೋ ಎಬ್ಬಿಸಲಿಲ್ಲ?"

"ನಿನಗೆ ಕಲ್ಲೇ ಬೇಕಿತ್ತಾ ಅಮ್ಮ? ನನ್ನ ಹಾಸಿಗೆ ಏನು ತಪ್ಪು ಮಾಡಿತ್ತು?"

ಅಕ್ಕ ಚಪ್ಪಲಿ ಮೆಟ್ಟುತ್ತ ತಡೆದಳು. "ನಿಮ್ಮಪ್ಪ ಕಾಯಿಲೆ ಬಿದ್ದಾಗ ನಡುರಾತ್ರಿ ಏಳೋಕೆ ಹೋಗೋರು. ಹಾಸಿಗೆ ಆ ಕಡೆ ತಗ್ಗೋದು. ಬಿದ್ದುಬಿಟ್ಟಾರು ಅಂತ ನನಗೆ ತಟ್ಟನೆ ಎಚ್ಚರ ಆಗೋದು. ಈಗಲೂ ನಾನು ಮಗ್ಗುಲು ಬದಲಾಯಿಸಿದರೆ ಸಾಕು, ಹಾಸಿಗೆ ಅಲುಗುತ್ತೆ, ಅವರೇ ಎದ್ದರು ಅನ್ಸುತ್ತೆ. ಇಲ್ಲಿ ಏನೂ ಅಲುಗಲಿಲ್ಲ ನೋಡು."

"ಹಾಗಾದ್ರೆ ನೆಲದ ಮೇಲೆ ಮಲಗಬಹುದಿತ್ತಲ್ಲೇ!" ಎಂದೆ. ನನಗೆ ರೇಗಿಹೋಗಿತ್ತು.

"ಮಲಗಬಹುದು. ಏಳೋಕೆ ಮೊಣಕಾಲು ಒಪ್ಪಬೇಕಲ್ಲ."

"ಇಷ್ಟು ದಿನ ಬಾಯಿಬಿಟ್ಟು ಹೇಳೋಕೇನಾಗಿತ್ತಮ್ಮ?" ಎಂದ ಮಗ.

"ನೀನು ಅಷ್ಟು ಆಸೆಯಿಂದ ಹೊತ್ಕೊಂಡು ಬರ್ತಿದ್ದೆ..."

ಅವನು ಟೇಪು ತೆಗೆದು ಕಲ್ಲಿನ ಪಕ್ಕ ಮಂಡಿಯೂರಿ ಕುಳಿತ.

"ಈ ಎತ್ತರ ಏಳೋಕೆ ಸರಿಹೋಯ್ತಾ?"

"ಸರಿಯಾಗಿದೆ ಕಣೋ. ತಲೆ ಕಡೆಯ ಏರೂ ಹೀಗೇ ಇರಲಿ."

"ಕಲ್ಲುಕುಟಿಗರನ್ನ ನಾಳೆನೇ ಮನೆಗೆ ಕರೆಸ್ತೀನಿ. ಚಿಕ್ಕಮ್ಮ, ಟೇಪಿನ ಆ ತುದಿ ಹಿಡ್ಕೊಳ್ಳಿ."

ಹಿಡಿದೆ. ಕೀಲಿಗೊಂಚಲು ಹಿಡಿದು ಗುಹೆಯ ಬಾಯಿಗೆ ಬಂದು ನಿಂತಿದ್ದ ಕಾವಲುಗಾರ ನಿಟ್ಟುಸಿರುಬಿಟ್ಟ.

"ಕಲ್ಲು ಮುಟ್ಟದೆ ಅಳೀರಿ," ಎಂದ. ಆಮೇಲೆ, ಕತ್ತಲಾಗಿದ್ದರಿಂದ, ಟಾರ್ಚು ಹಾಕಿ ಹಿಡಿದ.