ಗೋಧಿ ಆದ ಮೇಲಿನ ಜೋಳ

ಒಂದು ಚಿಟಿಕೆಯಿಂದ ಏನಾದೀತು? ಗಿರಣಿಯ ಕಲ್ಲಿನ ಸಂದಿಯಲ್ಲಿ ಉಳಿದ ಹಿಟ್ಟು, ಅದೆಷ್ಟಿದ್ದೀತು? ಇಲ್ಲ, ಅದರಿಂದ ಇರಲಿಕ್ಕಿಲ್ಲ. ಆದರೆ ಅದರಿಂದಲೇ ಆಗಿದ್ದರೆ?

ಮೈಲಾರಲಿಂಗನ ಕೈಯಲ್ಲಿ ಸೀಮೆಸುಣ್ಣ ಹಾಗೇ ನಿಂತಿತು. ಖಾನಾಪುರದ ಶಾಲೆ, ಏಳನೆಯ ತರಗತಿ, ಹಲಗೆಯ ಮೇಲೆ ಅರ್ಧ ಬರೆದ ಹೊಟ್ಟೆಯ ಚಿತ್ರ. ರೊಟ್ಟಿಯ ಪಿಷ್ಟ ಬಾಯಿಯ ಜೊಲ್ಲಿನಲ್ಲೇ ಒಡೆಯತೊಡಗುತ್ತದೆ, ಬೇಳೆಯ ಪ್ರೋಟೀನು ಜಠರದ ಆಮ್ಲಕ್ಕೆ ಸಿಕ್ಕು ಒಡೆಯುತ್ತದೆ, ಎಣ್ಣೆ ತುಪ್ಪ ಕರಗಲು ಪಿತ್ತರಸ ಬೇಕು ಎಂದೆಲ್ಲ ಹೇಳಿಯಾಗಿತ್ತು. ಉಳಿದದ್ದು ಸಣ್ಣ ಕರುಳು.

"ಅದರ ಒಳಮೈ ಕಂಬಳಿ ಇದ್ದಂಗ," ಅಂದ. "ಮ್ಯಾಲ ಸಣ್ಣ ಸಣ್ಣ ಕೂದಲಿನಂಥಾವು ಇರ್ತಾವು. ಉಂಡದ್ದರ ಸಾರ ಹೀರಿ ರಕ್ತಕ್ಕ ಕೊಡೂವು ಅವ."

ಮುಂದಿನ ಸಾಲಿನ ಹುಡುಗಿ ಕೇಳಿದಳು: "ಕಂಬಳಿ ಸವದ್ರ ಏನಾಗ್ತೈತ್ರಿ ಸರ್?"

"ಎಷ್ಟ ಉಂಡ್ರೂ ಮೈಗೆ ಹತ್ತೂದಿಲ್ಲ."

ಅವನ ಮಗಳು ಸೃಷ್ಟಿಗೆ ಐದು ವರ್ಷ. ಅವಳ ಕರುಳಿನ ಕಂಬಳಿ ಸವೆದಿತ್ತು.

ಗೋಧಿಯೊಳಗಿನ ಒಂದು ಪ್ರೋಟೀನು ಈ ಕೂಸಿನ ಕರುಳಿಗೆ ಆಗದು, ಚೂರೂ ಹೋಗಕೂಡದು ಎಂದು ಕ್ಯಾಂಪ್ ಬಡಾವಣೆಯ ಡಾಕ್ಟರು ಆರು ತಿಂಗಳ ಹಿಂದೆ ಹೇಳಿದ್ದರು. ಮನೆಯಿಂದ ಚಪಾತಿ ಹೋಯಿತು, ಸಜ್ಜಕ ಹೋಯಿತು, ಶ್ಯಾವಿಗೆ ಹೋಯಿತು. ಉಳಿದದ್ದು ಜೋಳದ ರೊಟ್ಟಿ ಮತ್ತು ಅನ್ನ. ಎರಡು ತಿಂಗಳಲ್ಲಿ ಕೂಸಿನ ಕೆನ್ನೆ ತುಂಬಿತು. ಆಮೇಲೆ ಮತ್ತೆ ಭೇದಿ, ಮತ್ತೆ ಕಡ್ಡಿಯಂಥ ಕಾಲು.

ಹೋದ ವಾರ ಡಾಕ್ಟರು ರಿಪೋರ್ಟು ನೋಡಿ ಕನ್ನಡಕ ತೆಗೆದಿದ್ದರು. "ಎಲ್ಲಿಂದರ ಗೋಧಿ ಹೋಗಾಕತ್ತೈತೇನ್ರಿ? ಖರೇನ ಇಲ್ಲಂದ್ರ ಇದು ಬ್ಯಾರೆ ದೊಡ್ಡ ರೋಗ ಇರಬಹುದು. ಮತ್ತ ಮಂಪರು ಕೊಟ್ಟು ಹೊಟ್ಟ್ಯಾಗ ನಳಿಗಿ ಇಳಿಸಿ ನೋಡಬೇಕಾಗ್ತೈತಿ."

ಹೋದ ಸಲ ಆ ಮಂಪರಿನಿಂದ ಕೂಸು ಏಳಲು ಬಹಳ ತಡಮಾಡಿತ್ತು. ಅವನ ಬಾಯಿಂದ ಬಂದದ್ದು ಇಷ್ಟೇ: "ಮನ್ಯಾಗ ಹಿರೇರು ಅದಾರ್ರಿ..."

ಬಾಜು ಕುಳಿತಿದ್ದ ಹೆಂಡತಿ ಪ್ರಮಿಳಾ ಅಷ್ಟನ್ನೇ ಹಿಡಿದುಕೊಂಡಳು. ಅನಗೋಳದ ಮನೆಯ ಹೊಸ್ತಿಲು ದಾಟುವ ಮೊದಲೇ ಶುರುವಾಯಿತು.

"ಖರೇ ಹೇಳ್ರಿ ಅತ್ತಿ. ಕೂಸು ಅತ್ತಿತಂತ ಚಪಾತಿ ಕೊಟ್ಟೀರೋ ಇಲ್ಲೋ?"

"ಬೀರಪ್ಪನ ಆಣಿ, ಒಂದ ತುಣುಕ ಕೊಟ್ಟಿಲ್ಲವ," ಅಂದಳು ಅವನ ಅವ್ವ ರೇಣವ್ವ. "ನಾ ಏನ್ ವೈರಿನ ಕೂಸಿಗೆ?"

"ನಿಮ್ಮ ಮಗನ ಹೇಳ್ಯಾರ ಡಾಕ್ಟರ್ ಮುಂದ."

ರೇಣವ್ವ ಮಗನ ಮುಖ ನೋಡಿದಳು. ಅವನು ಚಪ್ಪಲಿ ಬಿಡುತ್ತ ಬಗ್ಗಿದವನು ಬೇಗ ಏಳಲಿಲ್ಲ. ಅಂದಿನಿಂದ ಅವಳು ಮೊಮ್ಮಗಳ ತಾಟು ಮುಟ್ಟಲಿಲ್ಲ. "ಆಯಿ, ಉಣಸ," ಎಂದು ಕೂಸು ಕರೆದರೆ, "ನಿಮ್ಮವ್ವನ ಕೇಳು ಮುತ್ತ," ಎಂದು ಸೆರಗು ಕೊಡವಿ ಎದ್ದು ಹೋಗುತ್ತಿದ್ದಳು.

ಖರೆ ಸಂಗತಿ ಅವನಿಗೆ ಗೊತ್ತಿತ್ತು. ಜೋಳದ ಡಬ್ಬಿ ಗಿರಣಿಗೆ ಒಯ್ಯುವವನು ಅವನೇ. ಮೊದಮೊದಲು ತಮ್ಮಣ್ಣ ಗಿರಣಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಲ್ಲುತ್ತಿದ್ದ. ಕಲ್ಲು ಬಿಚ್ಚಿ ಬ್ರಷ್ಷಿನಿಂದ ಉಜ್ಜಿಸಿ, ಒಂದು ಪಾವು ಅಕ್ಕಿ ಬೀಸಿ ಚೆಲ್ಲಿಸಿ, ಆಮೇಲೆ ಜೋಳ. ಒಂದು ದಿನ ತಡವಾಯಿತು. ಆಗಲೇ ಗೋಧಿ ಬೀಸಿಯಾಗಿತ್ತು, ಹಿಂದೆ ಐದಾರು ಹೆಂಗಸರ ಪಾಳಿ, ಖಾನಾಪುರದ ಬಸ್ಸಿನ ಹೊತ್ತು.

"ಕಲ್ಲ ತೊಳಸ್ಬೇಕನ್ರಿ ಮಾಸ್ತರ?" ಅಂದ ತಮ್ಮಣ್ಣ. "ನಿಮ್ಮ ಜ್ವಾಳಕ್ಕ ಭಾಳ ಮಡಿ ನೋಡ್ರಿ!"

ಪಾಳಿಯವರೆಲ್ಲ ಕಿಸಕ್ಕನೆ ನಕ್ಕರು. ಮೈಲಾರಲಿಂಗನೂ ನಕ್ಕ. "ಇರಲಿ, ಹಾಕ್ರಿ," ಅಂದ. ಮುಂದಿನ ವಾರ ತಮ್ಮಣ್ಣ ಕೇಳಲೇ ಇಲ್ಲ, ಅವನೂ ಹೇಳಲಿಲ್ಲ. ನಾಲ್ಕು ತಿಂಗಳು ಹಾಗೇ ನಡೆಯಿತು.

ಶಾಲೆಯ ಗಂಟೆ ಬಾರಿಸಿದ ಕೂಡಲೇ ಗಿಡದ ಕೆಳಗೆ ನಿಂತು ಡಾಕ್ಟರಿಗೆ ಫೋನು ಮಾಡಿದ. ಎರಡು ತಿಂಗಳು ಕೊಡ್ರಿ, ನಳಿಗಿ ಈಗಲೇ ಬ್ಯಾಡ್ರಿ ಎಂದು ಬೇಡಿಕೊಂಡ. ಮನೆಗೆ ಬಂದವನೇ ಹಿತ್ತಲಿಗೆ ಹೋಗಿ, ನೀರಿನ ಡ್ರಮ್ಮಿನ ಕೆಳಗೆ ಇಟ್ಟಿದ್ದ ಅವ್ವನ ಹಳೆಯ ಬೀಸುವ ಕಲ್ಲನ್ನು ಎಳೆದು ತೊಳೆದ.

"ಇದ್ಯಾಕೋ ಈಗ?"

"ಡಾಕ್ಟರ್ ಹೇಳ್ಯಾರವ್ವ. ಕೂಸಿನ ಹಿಟ್ಟು ಮನ್ಯಾಗ ಬೀಸ್ಬೇಕಂತ."

ರೇಣವ್ವ ಅರವತ್ತೆಂಟರ ಮೊಣಕಾಲು ಮಡಚಿ ಕುಳಿತಳು. ದಿನಾ ಬೆಳಿಗ್ಗೆ ಕಲ್ಲು ಗರಗರ ತಿರುಗುವಾಗ ಅವನು ಒಳಗೆ ಗೋಡೆಗೆ ಒರಗಿ ನಿಂತು ಕೇಳುತ್ತಿದ್ದ. ಭಾನುವಾರಕ್ಕೊಮ್ಮೆ ಕೂಸನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುವಾಗ ಮುಳ್ಳು ನಿಲ್ಲುವ ತನಕ ಕಣ್ಣು ಮುಚ್ಚುತ್ತಿದ್ದ. ಮೊದಲ ವಾರ ಇನ್ನೂ ಇಳಿಯಿತು. ಹಾಗಾದರೆ ದೊಡ್ಡ ರೋಗವೇ? ಎರಡನೆಯ ವಾರ ಅಷ್ಟೇ ಇತ್ತು. ಮೂರನೆಯ ವಾರ ಮುಳ್ಳು ಒಂದು ಗೆರೆ ಮುಂದೆ ಹೋಯಿತು. ಎರಡು ತಿಂಗಳಿಗೆ ರಕ್ತದ ರಿಪೋರ್ಟಿನಲ್ಲಿ ರೋಗದ ಅಂಕಿ ಇಳಿಯಿತು, ನಳಿಗೆಯ ಮಾತು ನಿಂತಿತು.

"ಅತ್ತಿ ಕೊಡೂದ ಬಿಟ್ಟಾರ, ಕೂಸು ಏರಾಕತ್ತೈತಿ," ಅಂದಳು ಪ್ರಮಿಳಾ, ಈ ಸಲ ಮೆಲ್ಲಗೆ.

ರೇಣವ್ವ ಬೀಸುವುದನ್ನು ನಿಲ್ಲಿಸಿದಳು. "ತಮ್ಮಾ, ಗಿರಣಿ ಹಿಟ್ಟಿನ್ಯಾಗ ಏನರ ಇತ್ತೇನೋ?"

ಅವನು ಕಲ್ಲಿನ ಸುತ್ತ ಚೆಲ್ಲಿದ ಹಿಟ್ಟನ್ನು ಬೆರಳಿನಿಂದ ಒಟ್ಟುಮಾಡುತ್ತ ಕುಳಿತ. ಅವಳು ಮತ್ತೊಂದು ಹಿಡಿ ಜೋಳ ಹಾಕಿದಳು.

ಗೋಧಿ ಬೀಸಿದ ಕಲ್ಲಿಗೇ ಜೋಳ ಹಾಕಿಸಿ ತಂದವನು ನಾನು, ನೀನು ಏನೂ ಕೊಟ್ಟಿರಲಿಲ್ಲ ಎಂದು ಅವನು ಅವ್ವನಿಗೆ ಎಂದೂ ಹೇಳಲಿಲ್ಲ.