ಹಳ್ಳದ ನಕ್ಷೆಯಲ್ಲಿ ಒಂದು ಖಾಲಿ ಜಾಗ

ನಮ್ಮ ಬೀದಿಯ ಹಿಂದಿನ ಹಳ್ಳ ನಾರುತ್ತದೆ ಎಂದು ಎಲ್ಲರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ಯಾಕೆ ನಾರುತ್ತದೆ ಎಂದು ಬಗ್ಗಿ ನೋಡಿದವರು ಒಂಬತ್ತನೇ ತರಗತಿಯ ಮಕ್ಕಳು ಮಾತ್ರ. ಪ್ರತಿ ಶನಿವಾರ ವಿಜ್ಞಾನದ ಮೇಡಂ ಜೊತೆ ಹೋಗಿ, ಗುರುತು ಹಾಕಿದ ಕಲ್ಲುಗಳನ್ನು ಮಗುಚಿ, ಅಡಿಯಲ್ಲಿದ್ದ ಹುಳಗಳನ್ನು ಎಣಿಸಿ, ಕಲ್ಲನ್ನು ಇದ್ದ ಹಾಗೇ ಇಟ್ಟು ಬರುತ್ತಿದ್ದರು. ನೀರು ಕೆಟ್ಟಷ್ಟೂ ಹುಳ ಕಡಿಮೆ. ಕಂಡದ್ದನ್ನು ಮಾತ್ರ ಬರೆಯಬೇಕು, ಅದೊಂದೇ ನಿಯಮ.

ಗ್ಯಾರೇಜಿನ ಮೇಸ್ತ್ರಿಗೆ ಇದು ತಮಾಷೆ. ಗಾಡಿಯ ಸದ್ದನ್ನು ಬಾಯಲ್ಲೇ ಮಾಡಿ ತೋರಿಸಿ ರೋಗ ಹೇಳುವ ಮನುಷ್ಯ ಅವನು. ಆ ಶನಿವಾರ ಮೇಡಂ ಗ್ಯಾರೇಜಿಗೇ ಬಂದಾಗಲೂ ಸುಮ್ಮನಿರಲಿಲ್ಲ.

"ಬನ್ನಿ ಮೇಡಂ. ಹುಳದ ಜನಗಣತಿ ಮುಗೀತಾ? ಯಾರಾದ್ರೂ ಮನೇಲಿರ್ಲಿಲ್ವಾ?"

ಮೇಡಂ ನಗಲಿಲ್ಲ. "ನಿಮ್ಮ ಮಗಳು ಗುಬ್ಬಿ ಎರಡು ವಾರದಿಂದ ಬಂದಿಲ್ಲ. ಹೊಟ್ಟೆನೋವು ಅಂದ್ಲು."

"ಹೊಟ್ಟೆನೋವಾ? ಎರಡೂ ಹೊತ್ತು ಚೆನ್ನಾಗೇ ತಿಂತಿದಾಳಲ್ಲ!"

ಮೇಡಂ ಮಕ್ಕಳು ಬರೆದ ಹಳ್ಳದ ನಕ್ಷೆಯನ್ನು ಗಾಡಿಯ ಸೀಟಿನ ಮೇಲೆ ಹರಡಿದರು. ಉದ್ದಕ್ಕೂ ಅಂಕಿಗಳಿದ್ದವು. ಗುಬ್ಬಿಯ ಪಾಲಿನ ಮೂರು ಕಲ್ಲುಗಳ ಹತ್ತಿರ ಮಾತ್ರ ಏನೂ ಇರಲಿಲ್ಲ. ಮೇಸ್ತ್ರಿಯ ಎಣ್ಣೆಗೈ ಆ ಜಾಗದ ಮೇಲೆ ನಿಂತಿತು. ತನ್ನದೇ ಗ್ಯಾರೇಜಿನ ಹಿಂದೆ, ಚರಂಡಿ ಹಳ್ಳಕ್ಕೆ ಸೇರುವ ಜಾಗ ಅದು. ಗಾಡಿಯಿಂದ ಇಳಿಸಿದ ಹಳೇ ಆಯಿಲನ್ನು ಅವನು ಹದಿನೈದು ವರ್ಷದಿಂದ ಸುರಿಯುತ್ತಿದ್ದುದು ಆ ಚರಂಡಿಗೇ.

"ಗುಬ್ಬಿ, ಇಲ್ಲಿ ಯಾಕೆ ಬರೀಲಿಲ್ಲ?"

ಮಗಳು ಬಾಗಿಲಿಗೊರಗಿ ನಿಂತಿದ್ದಳು. "ಬರೆದ್ರೆ ನಿನ್ನ ಹೆಸರು ಬರೆದ ಹಾಗಾಗತ್ತಪ್ಪ. ಸುಳ್ಳು ಬರೆಯೋಕೆ ಆಗಲ್ಲ. ಅದಕ್ಕೇ ಬಿಟ್ಟೆ."

"ಅಲ್ವೇ, ಆಯಿಲ್ ಹಾಕಿದ್ರೆ ಗೆದ್ದಲು ಬರಲ್ಲ ಅಂತ ನನ್ನ ಗುರುಗಳೇ ಹೇಳಿಕೊಟ್ಟಿದ್ದು! ಮಣ್ಣು ಕುಡ್ಕೊಳತ್ತೆ."

"ಮಣ್ಣು ಕುಡಿದದ್ದು ಎಲ್ಲಿಗೆ ಹೋಗತ್ತೆ ಅಂತ ನೀವೇ ಬಂದು ನೋಡಿ," ಎಂದರು ಮೇಡಂ.

ನಕ್ಷೆ ಹಿಡಿದು ಮೂವರೂ ಹೋದರು. ಚರಂಡಿ ಸೇರುವುದಕ್ಕಿಂತ ಮೇಲೆ, ಹಿಂದಿನ ದಿನದ ಮಳೆಗೆ ಕಪ್ಪೆಗಳು ಕೂಗುತ್ತಿದ್ದವು. ಮೇಸ್ತ್ರಿ ಅಭ್ಯಾಸಬಲದಿಂದ ಗಂಟಲಲ್ಲೇ ವಟಗುಟ್ಟಿದ. ಒಂದು ಕಪ್ಪೆ ತಿರುಗಿ ಕೂಗಿತು. ಗುಬ್ಬಿಗೆ ನಗು ಬಂತು.

ಐವತ್ತು ಹೆಜ್ಜೆ ಕೆಳಗೆ ಬಂದು ಮತ್ತೆ ವಟಗುಟ್ಟಿದ. ಕಾದ. ಇನ್ನೊಮ್ಮೆ ಮಾಡಿದ. ನೀರಿನ ಮೇಲೆ ಬಣ್ಣಬಣ್ಣದ ಪೊರೆ ಅಲುಗಿತೇ ಹೊರತು ಯಾರೂ ಉತ್ತರ ಕೊಡಲಿಲ್ಲ. ಗುಬ್ಬಿ ಕಲ್ಲು ಮಗುಚಿದಳು. ಅಡಿಯಲ್ಲಿ ಕರೀ ಜಿಡ್ಡು. ಅವಳು ಕಲ್ಲನ್ನು ಇದ್ದ ಹಾಗೇ ಇಟ್ಟಳು.

ಮೇಸ್ತ್ರಿ ನೀರಿನ ಪೊರೆಗೆ ಬೆರಳದ್ದಿ ಮೂಸಿ ನೋಡಿದ. ಆಮೇಲೆ ಮೆಲ್ಲಗೆ ಅಂದ: "ಕೆಮ್ಮೋ ಇಂಜಿನ್ನಿಗೆ ನಾನು ಹೆದರಲ್ಲ, ಮೇಡಂ. ಸದ್ದೇ ಇಲ್ಲದ್ದು ನೋಡಿದ್ರೆ ಎದೆ ಧಸಕ್ ಅನ್ನತ್ತೆ."

ಮಗಳ ಕೈಗೆ ತನ್ನ ಜೇಬಿನ ಪೆನ್ನು ಕೊಟ್ಟ. "ಬರಿ. ಸೊನ್ನೆ ಅಂತ ಬರಿ. ಪಕ್ಕದಲ್ಲಿ ಅಪ್ಪನ ಗ್ಯಾರೇಜು ಅಂತಲೂ ಬರಿ."

ಅವಳು ಅಪ್ಪನ ಮುಖವನ್ನೊಮ್ಮೆ ನೋಡಿದಳು. ಎರಡನ್ನೂ ಬರೆದಳು.

ಮಾರನೇ ದಿನದಿಂದ ಹಳೇ ಆಯಿಲ್ ಮುಚ್ಚಳವಿರುವ ಡಬ್ಬಕ್ಕೆ ಬಿತ್ತು. ತುಂಬಿದ ಮೇಲೆ, ಅದನ್ನು ಶುದ್ಧ ಮಾಡುವವರ ಗಾಡಿ ಬಂದು ಒಯ್ಯುತ್ತದೆ. ಹಳ್ಳ ಮಾತ್ರ ಅಷ್ಟು ಬೇಗ ಕ್ಷಮಿಸಲಿಲ್ಲ. ಶನಿವಾರ ಬಂದರೆ ಮೇಸ್ತ್ರಿ ಕೆಲಸ ಬಿಟ್ಟು ಬಾಗಿಲಿಗೆ ಬರುತ್ತಿದ್ದ. "ಎಷ್ಟು?" "ಸೊನ್ನೆ." ಎಂಟು ತಿಂಗಳು ಹೀಗೇ ನಡೆಯಿತು. ಒಂಬತ್ತನೇ ತಿಂಗಳು ಗುಬ್ಬಿ ಕೆಸರುಗಾಲಲ್ಲೇ ಒಳಗೆ ಓಡಿಬಂದು ಒಂದು ಬೆರಳು ಎತ್ತಿ ತೋರಿಸಿದಳು.

ಮೇಸ್ತ್ರಿ ಒದ್ದೆ ಕಣ್ಣನ್ನು ತೋಳಿನಿಂದ ಒರೆಸಿಕೊಂಡ. ಮುಖಕ್ಕೆಲ್ಲ ಗ್ರೀಸು.

ನಿಮ್ಮ ಮನೆಯ ಹುಡುಗ ಹುಡುಗಿಯರೂ ಹೀಗೆ ಕೆಸರು ಮೆತ್ತಿಕೊಂಡು ಬಂದಾರು. ಬೈಯುವ ಮುಂಚೆ "ಏನು ಕಂಡೆ?" ಎಂದು ಕೇಳಿ. ಉತ್ತರದಲ್ಲಿ ನಿಮ್ಮದೇ ಚರಂಡಿ ಬಂದರೆ ಮುನಿಸಿಕೊಳ್ಳಬೇಡಿ. ನಿಮ್ಮನ್ನು ಉಳಿಸಲು ಮಗು ಜಾಗ ಖಾಲಿ ಬಿಡುವಂತೆ ಮಾಡಬೇಡಿ. ಈ ಶನಿವಾರ ನೀವೂ ಜೊತೆಗೆ ಹೋಗಿ, ಒಂದು ಕಲ್ಲು ಮಗುಚಿ ನೋಡಿ.