ಮುಚ್ಚಿಟ್ಟ ಬಡಿತ

"ಹುಚ್ಚಿನ ಮಾತ್ರೆ ನುಂಗೋನ ಕೈಗೆ ಗರಗಸ ಕೊಟ್ಟೆ ನೋಡ್ರೋ, ನಾನೇ ದೊಡ್ಡ ಹುಚ್ಚ!"

ಮರಗೆಲಸದ ಶೆಡ್ಡು ಅದುರುವಂತೆ ಮೇಸ್ತ್ರಿ ಕೂಗಿದ. ಆರೂ ಜನ ಕೈಯಲ್ಲಿದ್ದ ಉಳಿ, ಸುತ್ತಿಗೆ ನಿಲ್ಲಿಸಿ ನೋಡಿದರು. ಒಬ್ಬ ಕಿಸಕ್ಕನೆ ನಕ್ಕ. ಕಣ್ಣಿಗೆ ಕತ್ತಲೆ ಬಂದು ಗರಗಸದ ಯಂತ್ರದ ಮೇಲೆ ವಾಲಿದ್ದವನ ಮುಷ್ಟಿ ಬಿಗಿಯಿತು, ಆದರೆ ಕಾಲೇ ನಿಲ್ಲಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಂತೆ ಎದೆ ಓಡುತ್ತಿತ್ತು.

ಆ ಓಟ ಶುರುವಾಗಿ ಎರಡು ತಿಂಗಳು. ಹೊಸ ಮಾತ್ರೆಯ ಬೆನ್ನಿಗೇ ಬಂದದ್ದೆಂದು ಅವನಿಗೆ ಗೊತ್ತಿತ್ತು, ಯಾರಿಗೂ ಉಸಿರು ಬಿಟ್ಟಿರಲಿಲ್ಲ. ನಾಲ್ಕು ವರ್ಷ ಕಿವಿಯೊಳಗೇ ಕೂತು ಬೈಯುತ್ತಿದ್ದ ದನಿಗಳ ಬಾಯಿಗೆ ಬೀಗ ಜಡಿದದ್ದು ಅದೊಂದೇ ಮಾತ್ರೆ. ಹೇಳಿದರೆ ನಿಲ್ಲಿಸಿಬಿಡುತ್ತಾರೆ. ಎದೆ ಒಡೆದುಹೋದರೂ ಸರಿ, ಅವು ಮತ್ತೆ ಬರಬಾರದು.

ಶೆಡ್ಡಿನ ಸುದ್ದಿ ಕೇಳಿ ಓಡಿಬಂದ ಅಕ್ಕ ಬಿಡಲಿಲ್ಲ. ಮಧ್ಯಾಹ್ನವೇ ಆಸ್ಪತ್ರೆಗೆ ಎಳೆದೊಯ್ದಳು. ಇಸಿಜಿ, ರಕ್ತಪರೀಕ್ಷೆ, ಎಕೋ ಎಲ್ಲ ಮುಗಿದ ಮೇಲೆ, ಮಾತ್ರೆ ಬರೆದುಕೊಟ್ಟಿದ್ದ ಡಾಕ್ಟರಮ್ಮ ವರದಿಗಳನ್ನು ಹರಡಿಕೊಂಡು ಕನ್ನಡಕದ ಮೇಲಿಂದ ನೋಡಿದರು.

"ಎರಡು ತಿಂಗಳು ಯಾಕಪ್ಪಾ ಹೇಳಲಿಲ್ಲ?"

"ಹೇಳಿದ್ರೆ ಮಾತ್ರೆ ಕಿತ್ಕೊತೀರಲ್ಲ!" ಅವನು ಕಿರುಚಿಯೇಬಿಟ್ಟ. "ಆ ದರಿದ್ರದ ದನಿಗಳ ಜೊತೆ ನೀವು ಒಂದಿನ ಇದ್ದು ನೋಡಿ, ಗೊತ್ತಾಗುತ್ತೆ."

"ಲೇ, ಡಾಕ್ಟರ ಹತ್ರ ಮಾತಾಡೋ ರೀತಿನೇನೋ ಇದು?" ಅಕ್ಕ ತೋಳು ಚಿವುಟಿದಳು.

"ಬಿಡಮ್ಮ. ನೆಗಡಿ ಬಂತು ಅಂತ ಮೂಗು ಕೊಯ್ಯೋಳಲ್ಲ ನಾನು. ಇದು ಮಾತ್ರೆದೇ ಕಿತಾಪತಿ. ಹೃದಯಕ್ಕೆ ಊತ ಬಂದಿದ್ರೆ ನಿಲ್ಲಿಸಲೇಬೇಕಿತ್ತು. ಊತ ಇಲ್ಲ, ಬರೀ ಓಟ ಜಾಸ್ತಿ. ನಿಧಾನಕ್ಕೆ ಪ್ರಮಾಣ ಇಳಿಸೋಣ, ವಾರವಾರ ಬಂದು ಇಸಿಜಿ ತೆಗೆಸು."

"ಮಾತ್ರೆ... ಇರುತ್ತಾ?"

"ಇರುತ್ತೆ. ಎರಡು ವಾರ ಗರಗಸ ಮಾತ್ರ ಮುಟ್ಟಬೇಡ. ಎದೇಲಿ ಏನಾದ್ರೂ ಆದ್ರೆ ಅವತ್ತೇ ಹೇಳು, ತಿಳೀತಾ?"

ಹೊರಗಿನ ಬೆಂಚಿನ ಮೇಲೆ ಕೂತು ಅಕ್ಕ ತಂದಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅವನೊಬ್ಬನೇ ಖಾಲಿ ಮಾಡಿದ. "ನಂಗೊಂದಾದ್ರೂ ಇಡಬಾರದಿತ್ತೇನೋ, ಹೊಟ್ಟೆಬಾಕ!" ಎಂದ ಅಕ್ಕ, ಅತ್ತಳೋ ನಕ್ಕಳೋ, ಮುಖ ಆ ಕಡೆ ತಿರುಗಿಸಿಕೊಂಡಳು.

ಮರುದಿನ ಮೇಸ್ತ್ರಿ ಡಾಕ್ಟರರ ಚೀಟಿಯನ್ನು ಎಲ್ಲರಿಗೂ ಕೇಳುವಂತೆ ಓದಿದ. "ಓಹೋ, ತಲೆ ಆಯ್ತು, ಈಗ ಎದೆನೂ ಕೆಡ್ತಾ? ಸರಿಯಾಗಿರೋದು ಇನ್ನೇನಯ್ಯಾ ಉಳೀತು ನಿಂದು?"

ಬೈಸಿಕೊಂಡು ಸುಮ್ಮನಿರುವ ಬಾಯಲ್ಲ ಅವನದು ಎಂದು ಶೆಡ್ಡಿಗೆಲ್ಲ ಗೊತ್ತು, ಎಲ್ಲರೂ ಕಾದರು. ಅವನು ಒಂದು ಗಳಿಗೆ ಕಿವಿಗೊಟ್ಟು ನಿಂತ. ಬೈಯುತ್ತಿದ್ದವನು ಮೇಸ್ತ್ರಿ ಒಬ್ಬನೇ.

ಉಪ್ಪುಕಾಗದದ ಒಂದು ಹಾಳೆ ಎತ್ತಿಕೊಂಡು, ಉಜ್ಜಿ ನುಣುಪು ಮಾಡುವುದಕ್ಕೆಂದು ಕಿಟಕಿಯ ಬಳಿ ಒರಗಿಸಿಟ್ಟಿದ್ದ ಬಾಗಿಲುಗಳ ಕಡೆ ನಡೆದ.